ನರ್ಸಿಂಗ್ ಬೋಧನೆಗೆ ಬರುವವರಿಗೆ: ಮೊದಲ ಪಾಠದಿಂದ ಡಾಕ್ಟರೇಟ್ ಆಯ್ಕೆಯವರೆಗೆ

ವಾರ್ಡಿನಲ್ಲಿ ಕೈ ಪಳಗಿದ ನರ್ಸ್‌ಗಳು ಬೋಧನೆಗೆ ಬಂದಾಗ ಸಾಮಾನ್ಯವಾಗಿ ಮೂರು ಕಡೆ ಎಡವುತ್ತಾರೆ. ತರಗತಿಯಲ್ಲಿ ನಿಂತಾಗ ಗೊತ್ತಿರುವುದನ್ನು ಹೇಳಿಕೊಡಲು ಬಾರದೆ ಸ್ಲೈಡ್ ಓದತೊಡಗುತ್ತಾರೆ. ಡಾಕ್ಟರೇಟ್‌ಗೆ ಸೇರಿ ವರ್ಷ ಕಳೆದರೂ ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವ) ಒಪ್ಪಿಗೆಯಾಗುವುದಿಲ್ಲ. ಇಲ್ಲವೇ ಪದವಿ ಕೈಗೆ ಬಂದ ಮೇಲೆ, ತಾವು ಬಯಸಿದ ಹುದ್ದೆಗೆ ಅದು ಲೆಕ್ಕಕ್ಕೇ ಬರುವುದಿಲ್ಲವೆಂದು ತಿಳಿಯುತ್ತದೆ. ಮೂರಕ್ಕೂ ಮೂಲ ಒಂದೇ, ಹಂತಗಳ ಕ್ರಮ ತಪ್ಪಿರುತ್ತದೆ. ಮೊದಲು ಪದವಿ ಆರಿಸಿ, ಆಮೇಲೆ ಅದಕ್ಕೊಂದು ವಿಷಯ ಹುಡುಕಿ, ಕೊನೆಗೆ ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರೇ ಹೆಚ್ಚು. ಆಗಬೇಕಾದ್ದು ಇದರ ತಿರುಗುಮುರುಗು: ಮೊದಲು ಕೆಲಸ, ಆಮೇಲೆ ಪ್ರಶ್ನೆ, ಆಮೇಲೆ ಪದವಿ, ಕೊನೆಯಲ್ಲಿ ಗೈಡ್ (ಸಂಶೋಧನೆಗೆ ಮಾರ್ಗದರ್ಶನ ಮಾಡುವವರು) ಮತ್ತು ವಿಶ್ವವಿದ್ಯಾಲಯ.

## ಹಂತ 1: ಒಂದೇ ವಿಭಾಗದಲ್ಲಿ ಕೈ ಗಟ್ಟಿ ಮಾಡಿಕೊಳ್ಳಿ

ಬೋಧನೆಗೆ ಬರುವ ಮೊದಲು ಒಂದೇ ವಿಭಾಗದಲ್ಲಿ, ಅಥವಾ ಅದನ್ನೇ ಹೋಲುವ ವಿಭಾಗಗಳಲ್ಲಿ, 2ರಿಂದ 3 ವರ್ಷ ಕೆಲಸ ಮಾಡಿರಬೇಕು. ನರ್ಸಿಂಗ್ ತಜ್ಞೆ ಪೆಟ್ರೀಷಿಯಾ ಬೆನ್ನರ್ ಅವರು ಹೊಸಬರಿಂದ ಪರಿಣತರವರೆಗೆ ಗುರುತಿಸಿದ 5 ಮಟ್ಟಗಳಲ್ಲಿ ಮೂರನೆಯದು, ಅಂದರೆ ತಾನೇ ಯೋಚಿಸಿ ಆದ್ಯತೆ ಗೊತ್ತುಮಾಡುವ ಮಟ್ಟ, ಬರುವುದೇ ಇಷ್ಟು ಸಮಯದ ನಂತರ. ಆರಾರು ತಿಂಗಳಿಗೊಮ್ಮೆ ವಾರ್ಡ್ ಬದಲಾಯಿಸಿ 3 ವರ್ಷ ತುಂಬಿಸಿದರೆ ಪ್ರಮಾಣಪತ್ರದಲ್ಲಿ ಅನುಭವ ಕಾಣಿಸುತ್ತದೆ, ಕೈಯಲ್ಲಿ ಕಾಣಿಸುವುದಿಲ್ಲ.

ಸಿದ್ಧರಾಗಿದ್ದೀರಾ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿಕೊಳ್ಳಿ. ನೀವು ದಿನವೂ ಮಾಡುವ ಒಂದು ಪ್ರೊಸೀಜರ್ ತೆಗೆದುಕೊಂಡು, ಪ್ರತಿ ಹೆಜ್ಜೆಯ ಪಕ್ಕದಲ್ಲಿ ಅದರ ಕಾರಣ ಬರೆಯಿರಿ. ಎರಡು ಮೂರು ಕಡೆ “ನಮ್ಮಲ್ಲಿ ಹೀಗೇ ಮಾಡುವುದು” ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಹೊಳೆಯದಿದ್ದರೆ ಆ ಜಾಗಗಳನ್ನು ಓದಿ ತುಂಬಿಕೊಳ್ಳಿ. ವಿದ್ಯಾರ್ಥಿ ಮೊದಲು ಕೇಳುವುದು ಅಲ್ಲಿಯೇ.

## ಹಂತ 2: ಕೆಲಸ ಬಿಡುವ ಮೊದಲೇ ಕಲಿಸಿ ನೋಡಿ

ಹೊಸದಾಗಿ ಸೇರಿದ ನರ್ಸ್‌ಗಳಿಗೆ ಪ್ರಿಸೆಪ್ಟರ್ (ಕೆಲಸದ ಜಾಗದಲ್ಲೇ ಜೊತೆಗಿದ್ದು ಕಲಿಸುವವರು) ಆಗಿ, ವಾರ್ಡಿನ ಒಳತರಬೇತಿಯಲ್ಲಿ 20 ನಿಮಿಷದ ಒಂದೊಂದು ಪಾಠ ತೆಗೆದುಕೊಳ್ಳಿ. ಕನಿಷ್ಠ 5 ಬಾರಿಯಾದರೂ ಮಾಡಿ. ಒಂದೇ ಸಲಕ್ಕೆ ಏನೂ ಗೊತ್ತಾಗುವುದಿಲ್ಲ.

ಕೌಶಲ ಕಲಿಸಲು ವೈದ್ಯಕೀಯ ಬೋಧಕ ಪೇಟನ್ ಅವರ ನಾಲ್ಕು ಹೆಜ್ಜೆಗಳ ಕ್ರಮ ಹಿಡಿಯಿರಿ. ಐವಿ ಕ್ಯಾನುಲಾ (ರಕ್ತನಾಳಕ್ಕೆ ಇಡುವ ಸಣ್ಣ ಕೊಳವೆ) ಹಾಕುವುದನ್ನು ಕಲಿಸುತ್ತಿದ್ದೀರಿ ಎಂದುಕೊಳ್ಳಿ:

1. ಮಾದರಿ ತೋಳಿನ ಮೇಲೆ, ನಿಜವಾದ ವೇಗದಲ್ಲಿ, ಮಾತಿಲ್ಲದೆ ಮಾಡಿ ತೋರಿಸಿ.
2. ಎರಡನೇ ಸಲ ನಿಧಾನವಾಗಿ, ಪ್ರತಿ ಹೆಜ್ಜೆಗೂ ಕಾರಣ ಹೇಳುತ್ತ ಮಾಡಿ.
3. ಮೂರನೇ ಸಲ ಕಲಿಯುವವರು ಹೆಜ್ಜೆ ಹೇಳಲಿ, ಅವರು ಹೇಳಿದಂತೆ ನೀವು ಮಾಡಿ.
4. ನಾಲ್ಕನೇ ಸಲ ಅವರೇ ಹೇಳಿ ಅವರೇ ಮಾಡಲಿ.

ಸಮಯ ಉಳಿಸಲು ಹೆಚ್ಚಿನವರು ಮೊದಲೆರಡನ್ನು ಸೇರಿಸಿ, ಮೂರನೆಯದನ್ನು ಬಿಟ್ಟು, ನೇರ ನಾಲ್ಕಕ್ಕೆ ಹೋಗುತ್ತಾರೆ. ವಿದ್ಯಾರ್ಥಿಯ ತಲೆಯಲ್ಲಿ ಹೆಜ್ಜೆಗಳು ಹಿಂದುಮುಂದಾಗಿರುವುದು ಸೂಜಿ ಅವರ ಕೈಗೆ ಹೋಗುವ ಮೊದಲೇ ಗೊತ್ತಾಗುವುದು ಮೂರನೆಯದರಲ್ಲಿ. ಅದನ್ನು ಬಿಟ್ಟರೆ ಆ ತಪ್ಪು ರೋಗಿಯ ಮೈಮೇಲೆ ಗೊತ್ತಾಗುತ್ತದೆ.

ಎಚ್ಚರಿಕೆಯ ಗುರುತು: ಕಲಿಯುವವರು ತಡವರಿಸಿದ ಕೂಡಲೇ ಉಪಕರಣವನ್ನು ಅವರ ಕೈಯಿಂದ ತೆಗೆದುಕೊಂಡು ನೀವೇ ಮುಗಿಸುತ್ತಿದ್ದರೆ, ನೀವಿನ್ನೂ ವಾರ್ಡ್ ನರ್ಸ್ ಆಗಿಯೇ ಯೋಚಿಸುತ್ತಿದ್ದೀರಿ. ರೋಗಿಗೆ ಅಪಾಯವಿದ್ದಾಗ ತಡೆಯಲೇಬೇಕು. ಬರೀ ನಿಧಾನವಾದರೆ ಕಾಯಬೇಕು. ಈ ವ್ಯತ್ಯಾಸ ಕೈಗೆ ಹತ್ತಲು ಸಮಯ ಬೇಕು, ಅದಕ್ಕೇ ಈ ಹಂತವನ್ನು ಸಂಬಳ ಬರುತ್ತಿರುವಾಗಲೇ ಮುಗಿಸಿಕೊಳ್ಳಿ.

## ಹಂತ 3: ಸ್ನಾತಕೋತ್ತರ ಪದವಿ ಮತ್ತು ಕಾಗದಪತ್ರ

ಬೋಧಕ ಹುದ್ದೆಗೆ ಸ್ನಾತಕೋತ್ತರ ಪದವಿ ಕೇಳುವುದೇ ಹೆಚ್ಚು. ಅನುಭವವಿರುವ ವಿಭಾಗದಲ್ಲೇ ವಿಶೇಷ ವಿಷಯ ಆರಿಸಿ. ಸೀಟು ಸುಲಭವಾಗಿ ಸಿಗುತ್ತದೆಂದು ಬೇರೆ ವಿಷಯ ಹಿಡಿದರೆ ಮುಂದೆ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಕೈ ಕಟ್ಟಿದಂತಾಗುತ್ತದೆ.

ಸೇರುವ ಮೊದಲು ನಿಮ್ಮ ದೇಶದ ನರ್ಸಿಂಗ್ ನಿಯಂತ್ರಣ ಸಂಸ್ಥೆಯ ನಿಯಮಾವಳಿ ತೆರೆದು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ. ಪ್ರತಿ ಬೋಧಕ ದರ್ಜೆಗೆ ಯಾವ ಪದವಿ, ಎಷ್ಟು ವರ್ಷ ಬೇಕು? ವಾರ್ಡಿನ ಅನುಭವವನ್ನೂ ಬೋಧನಾ ಅನುಭವವನ್ನೂ ಒಟ್ಟಿಗೆ ಎಣಿಸುತ್ತಾರೆಯೇ? ಅನುಭವ ಸ್ನಾತಕೋತ್ತರದ ನಂತರದ್ದೇ ಆಗಿರಬೇಕೆ? ದೂರಶಿಕ್ಷಣದ ಪದವಿ ಒಪ್ಪಿತವೇ? ಸಹೋದ್ಯೋಗಿ ಹೇಳಿದ ಮಾತಿನ ಮೇಲೆ ನಿರ್ಧರಿಸಬೇಡಿ, ನಿಯಮಗಳು ಬದಲಾಗುತ್ತಿರುತ್ತವೆ.

ಒಂದು ಸಣ್ಣ ಕೆಲಸ ಮುಂದಕ್ಕೆ ಹಾಕಿದ್ದಕ್ಕೆ ಅನೇಕರ ಬಡ್ತಿ ನಿಂತಿದೆ. ಅದು ಅನುಭವ ಪತ್ರ. ಸಂಸ್ಥೆ ಬಿಡುವ ದಿನವೇ ಪಡೆಯಿರಿ. ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆಯ ಹೆಸರು, ಪೂರ್ಣಾವಧಿಯೋ ಅಲ್ಲವೋ, ಕಲಿಸಿದ ವಿಷಯ ಇವಿಷ್ಟೂ ಅದರಲ್ಲಿರಲಿ. ನೋಂದಣಿ ನವೀಕರಣ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳಿ.

## ಹಂತ 4: ಮೊದಲ ಎರಡು ವರ್ಷದ ಬೋಧನೆ

ಡಾಕ್ಟರೇಟ್ ಯೋಚನೆಯನ್ನು ಇಲ್ಲಿ ಪಕ್ಕಕ್ಕಿಡಿ. ಒಂದೇ ಪಾಠಕ್ರಮವನ್ನು ಎರಡು ಬಾರಿ ಪೂರ್ತಿ ಕಲಿಸಿದ ಮೇಲೆಯೇ ವಿದ್ಯಾರ್ಥಿಗಳು ಎಲ್ಲಿ, ಏಕೆ ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ನಿಮ್ಮ ಸಂಶೋಧನೆಯ ಪ್ರಶ್ನೆ ಹುಟ್ಟುವುದೂ ಆ ಜಾಗದಿಂದಲೇ.

ಏನೇನು ಕಲಿಯಬೇಕು ಎಂಬ ಪಟ್ಟಿಯನ್ನು ನೀವೇ ಮಾಡಿಕೊಳ್ಳಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ನರ್ಸಿಂಗ್ ಬೋಧಕರ ಮೂಲ ಸಾಮರ್ಥ್ಯಗಳನ್ನು 8 ವಿಭಾಗಗಳಲ್ಲಿ ಪ್ರಕಟಿಸಿದೆ. ಅದನ್ನು ಎದುರಿಗಿಟ್ಟುಕೊಂಡು ಪ್ರತಿ ಆರು ತಿಂಗಳಿಗೊಮ್ಮೆ ನಿಮ್ಮನ್ನು ಅಳೆದುಕೊಳ್ಳಿ. ಹೊಸ ಬೋಧಕರು ಹೆಚ್ಚಾಗಿ ಹಿಂದೆ ಬೀಳುವುದು ಮೌಲ್ಯಮಾಪನದಲ್ಲಿ, ಆದ್ದರಿಂದ ಅದನ್ನೇ ಬಿಡಿಸಿ ಹೇಳುತ್ತೇವೆ.

ಉದ್ದೇಶಕ್ಕೆ ತಕ್ಕ ಪರೀಕ್ಷೆ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕೊಟ್ಟ ಪಿರಮಿಡ್‌ನಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾರೆ, ನಿಜ ಕೆಲಸದಲ್ಲಿ ಮಾಡುತ್ತಾರೆ. ಕ್ಯಾಥೆಟರ್ ಹಾಕುವ ಕೌಶಲವನ್ನು ಬರವಣಿಗೆಯ ಪ್ರಶ್ನೆಯಿಂದ ಅಳೆದರೆ ನೀವು ಅಳೆದದ್ದು ಎರಡನೇ ಮೆಟ್ಟಿಲು, ಅಂಕ ಕೊಟ್ಟದ್ದು ಮೂರನೆಯದಕ್ಕೆ. ಅಲ್ಲಿ ಓಸ್ಕಿ ಬೇಕು, ಅಂದರೆ ವಿದ್ಯಾರ್ಥಿಗಳು ಒಂದೊಂದೇ ಸ್ಟೇಷನ್‌ಗೆ ಹೋಗಿ ಕೌಶಲ ಮಾಡಿ ತೋರಿಸುವ, ಚೆಕ್‌ಲಿಸ್ಟ್ ಹಿಡಿದು ಅಂಕ ಕೊಡುವ ಪರೀಕ್ಷೆ. 10 ಸ್ಟೇಷನ್, ಪ್ರತಿ ಸ್ಟೇಷನ್‌ಗೆ 5 ನಿಮಿಷ, ನಡುವೆ 1 ನಿಮಿಷ ಎಂದಿಟ್ಟುಕೊಂಡರೆ 10 ವಿದ್ಯಾರ್ಥಿಗಳ ಒಂದು ಸುತ್ತಿಗೆ 60 ನಿಮಿಷ ಹಿಡಿಯುತ್ತದೆ. ಪರೀಕ್ಷಕರು ಮೊದಲೇ ಒಟ್ಟಿಗೆ ಕೂತು ಒಂದು ಮಾದರಿ ಪ್ರದರ್ಶನಕ್ಕೆ ಚೆಕ್‌ಲಿಸ್ಟ್ ತುಂಬಿ, ಅಂಕ ಎಲ್ಲಿ ಬೇರೆಯಾಯಿತೆಂದು ಚರ್ಚಿಸಬೇಕು. ಇದನ್ನು ಬಿಟ್ಟರೆ ಫಲಿತಾಂಶ ವಿದ್ಯಾರ್ಥಿಯ ಕೌಶಲಕ್ಕಿಂತ ಪರೀಕ್ಷಕರ ಸ್ವಭಾವವನ್ನೇ ಹೆಚ್ಚು ತೋರಿಸುತ್ತದೆ.

ಬಹು ಆಯ್ಕೆ ಪ್ರಶ್ನೆಗಳ ವಿಶ್ಲೇಷಣೆ. 60 ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕದ ಕ್ರಮದಲ್ಲಿ ಜೋಡಿಸಿ, ಮೇಲಿನ 27 ಶೇಕಡಾ ಮತ್ತು ಕೆಳಗಿನ 27 ಶೇಕಡಾ, ಅಂದರೆ 16 ಮತ್ತು 16, ಬೇರೆ ಮಾಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 13, ಕೆಳಗಿನವರಲ್ಲಿ 5 ಜನ ಸರಿ ಉತ್ತರ ಕೊಟ್ಟರೆ ವ್ಯತ್ಯಾಸ 8. ಅದನ್ನು 16ರಿಂದ ಭಾಗಿಸಿದರೆ 0.5. ಚೆನ್ನಾಗಿ ಕಲಿತವರನ್ನು ಉಳಿದವರಿಂದ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬುದರ ಅಳತೆ ಇದು. 0.5 ಬಂದದ್ದು ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆ ಬಂದರೆ ತಿದ್ದಬೇಕು. ಸೊನ್ನೆಗಿಂತ ಕೆಳಗೆ ಬಂದರೆ ಉತ್ತರ ಸೂಚಿಯಲ್ಲೇ ತಪ್ಪಿದೆಯೇ ಅಥವಾ ಪ್ರಶ್ನೆಗೆ ಎರಡು ಅರ್ಥ ಬರುತ್ತಿದೆಯೇ ಎಂದು ಮೊದಲು ನೋಡಿ, ಆಮೇಲೆ ಫಲಿತಾಂಶ ಪ್ರಕಟಿಸಿ.

ವಾರ್ಡಿನಲ್ಲಿ ಗುಂಪಿನ ಗಾತ್ರ. ಒಬ್ಬ ಬೋಧಕಿಯ ಕಣ್ಗಾವಲಿಗೆ 8ರಿಂದ 10 ವಿದ್ಯಾರ್ಥಿಗಳೇ ಮಿತಿ. ತೀವ್ರ ನಿಗಾ ಘಟಕದಲ್ಲಿ ಇನ್ನೂ ಕಡಿಮೆ. ಸಂಖ್ಯೆ ಮೀರಿದರೆ ಔಷಧಿ ಕೊಡುವ ಹೊತ್ತಿಗೆ ಎಲ್ಲರ ಪಕ್ಕದಲ್ಲಿ ನಿಲ್ಲಲಾಗುವುದಿಲ್ಲ. ಆಗ ಔಷಧಿ ಕೊಡುವ ಸರದಿಯನ್ನು ದಿನಕ್ಕೆ ಇಬ್ಬರಿಗೆ ಸೀಮಿತಗೊಳಿಸಿ, ಉಳಿದವರಿಗೆ ರೋಗಿಯ ತಪಾಸಣೆ ಮತ್ತು ದಾಖಲೆಯ ಕೆಲಸ ಹಂಚಿ.

ಲೆಸನ್ ಪ್ಲಾನ್, ಪ್ರಶ್ನೆ ವಿಶ್ಲೇಷಣೆ, ವಿದ್ಯಾರ್ಥಿಗಳ ಅಭಿಪ್ರಾಯ, ಅದಕ್ಕೆ ನೀವು ಮಾಡಿದ ಬದಲಾವಣೆ ಎಲ್ಲವನ್ನೂ ಒಂದೇ ಕಡತದಲ್ಲಿ ತಾರೀಖಿನೊಂದಿಗೆ ಇಡುತ್ತ ಹೋಗಿ. ಡಾಕ್ಟರೇಟ್ ಸಂದರ್ಶನದಲ್ಲಿ ನಿಮ್ಮ ಪರವಾಗಿ ಮಾತಾಡುವುದು ಈ ಕಡತ.

## ಹಂತ 5: ಬೇಕಾದ ಹುದ್ದೆಯಿಂದ ಹಿಂದಕ್ಕೆ ಬನ್ನಿ

ಹತ್ತು ವರ್ಷದ ನಂತರ ನೀವು ಇರಬಯಸುವ ಹುದ್ದೆಯ 10 ನೇಮಕಾತಿ ಪ್ರಕಟಣೆಗಳನ್ನು ಸಂಗ್ರಹಿಸಿ. ಕೇಳಿದ ಪದವಿ, ಬೋಧನಾ ವರ್ಷ, ಪ್ರಕಟಿತ ಲೇಖನಗಳ ಸಂಖ್ಯೆ, ಕ್ಲಿನಿಕಲ್ ಕೆಲಸದ ನಿರೀಕ್ಷೆ ಎಂದು ನಾಲ್ಕು ಅಂಕಣ ಹಾಕಿ. ಡಾಕ್ಟರೇಟ್ ಕಡ್ಡಾಯವೋ ಅಪೇಕ್ಷಣೀಯವೋ ಎಂಬ ಪದವನ್ನು ಎತ್ತಿ ಬರೆದುಕೊಳ್ಳಿ. ಹತ್ತರಲ್ಲಿ ಹೆಚ್ಚಿನವು ಡಾಕ್ಟರೇಟ್ ಕೇಳದಿದ್ದರೆ, ಅದನ್ನು ಈಗಲೇ ಮಾಡಬೇಕಾದ ಒತ್ತಡ ನಿಮಗಿಲ್ಲ. ಸಿಮ್ಯುಲೇಶನ್ ಅಥವಾ ಮೌಲ್ಯಮಾಪನದಲ್ಲಿ ಒಂದು ಚಿಕ್ಕ ಕೋರ್ಸ್ ಹೆಚ್ಚು ನೆರವಾದೀತು.

## ಹಂತ 6: ಪ್ರಶ್ನೆಯನ್ನು ಒಂದು ಪುಟಕ್ಕೆ ತನ್ನಿ

ಪದವಿಯ ಹೆಸರು ಇನ್ನೂ ಬರೆಯಬೇಡಿ. ನಿಮ್ಮನ್ನು ಬಿಡದೆ ಕಾಡುವ ಸಮಸ್ಯೆಯನ್ನು ಒಂದು ಪುಟದಲ್ಲಿ ಬರೆಯಿರಿ: ಸಮಸ್ಯೆ ಏನು, ಯಾರಿಗೆ, ಈಗಾಗಲೇ ಏನು ಗೊತ್ತಿದೆ, ಏನು ಗೊತ್ತಿಲ್ಲ, ನಿಮಗೆ ಯಾವ ಉತ್ತರ ಬೇಕು. ಕೊನೆಯ ಸಾಲನ್ನು ಹತ್ತು ಬಾರಿಯಾದರೂ ತಿದ್ದಿ. ಯಾವ ಡಾಕ್ಟರೇಟ್ ಎಂಬುದನ್ನು ತೀರ್ಮಾನಿಸುವುದು ಆ ಸಾಲೇ.

ಒಂದೇ ಸಮಸ್ಯೆ ಮೂರು ದಾರಿ ಹಿಡಿಯುವುದನ್ನು ನೋಡಿ. ವಿದ್ಯಾರ್ಥಿಗಳು ಔಷಧಿ ಪ್ರಮಾಣದ ಲೆಕ್ಕದಲ್ಲಿ ತಪ್ಪುತ್ತಾರೆ ಎನ್ನೋಣ.

“ಗಣಿತದ ಭಯಕ್ಕೂ ಲೆಕ್ಕದ ತಪ್ಪಿಗೂ ಏನು ಸಂಬಂಧ, ವಾರ್ಡಿನ ಒತ್ತಡ ಅದನ್ನು ಹೇಗೆ ಬದಲಿಸುತ್ತದೆ?” ಎಂದು ಕೇಳಿದರೆ ನಿಮಗೆ ಹೊಸ ಜ್ಞಾನ ಬೇಕು.

“ನಾಲ್ಕು ವರ್ಷದ ಪಾಠಕ್ರಮದಲ್ಲಿ ಈ ಲೆಕ್ಕವನ್ನು ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಕಲಿಸಿದರೆ ಉಳಿಯುತ್ತದೆ?” ಎಂದು ಕೇಳಿದರೆ ನಿಮಗೆ ಶಿಕ್ಷಣದ ವಿನ್ಯಾಸ ಬೇಕು.

“ಈ ಮಕ್ಕಳ ವಾರ್ಡಿನಲ್ಲಿ ಇನ್ನು ಆರು ತಿಂಗಳಲ್ಲಿ ತಪ್ಪುಗಳನ್ನು ಹೇಗೆ ಇಳಿಸುವುದು?” ಎಂದು ಕೇಳಿದರೆ ನಿಮಗೆ ಗೊತ್ತಿರುವುದನ್ನು ಕೆಲಸಕ್ಕೆ ಇಳಿಸುವ ದಾರಿ ಬೇಕು.

ಮೊದಲನೆಯದು ಪಿಎಚ್.ಡಿ., ಎರಡನೆಯದು ಎಡ್.ಡಿ. (ಶಿಕ್ಷಣ ಶಾಸ್ತ್ರದ ಡಾಕ್ಟರೇಟ್), ಮೂರನೆಯದು ಡಿಎನ್‌ಪಿ (ನರ್ಸಿಂಗ್ ವೃತ್ತಿಯ ಡಾಕ್ಟರೇಟ್). ಮೂರನೇ ಬಗೆಯ ಪ್ರಶ್ನೆ ಹಿಡಿದು ಪಿಎಚ್.ಡಿ.ಗೆ ಹೋದವರ ಸಿನಾಪ್ಸಿಸ್ “ಇದರಲ್ಲಿ ಹೊಸತೇನು?” ಎಂಬ ಷರಾದೊಂದಿಗೆ ಮರಳುತ್ತದೆ. ಮೊದಲನೇ ಬಗೆಯ ಪ್ರಶ್ನೆ ಹಿಡಿದು ಡಿಎನ್‌ಪಿಗೆ ಹೋದವರಿಗೆ ಉತ್ತರ ಹುಡುಕಲು ಅವಧಿಯೂ ಇಲ್ಲ, ವಿಧಾನವೂ ಇಲ್ಲ.

## ಹಂತ 7: ಪದವಿಗಳನ್ನು ಸರಿಯಾಗಿ ಓದಿ

ಪಿಎಚ್.ಡಿ. ಸಂಶೋಧನಾ ಪದವಿ. ವಿಧಾನಶಾಸ್ತ್ರ, ಸಂಖ್ಯಾಶಾಸ್ತ್ರ, ಮೂಲ ಸಂಶೋಧನೆಯ ಥೀಸಿಸ್, ವೈವಾ (ಮೌಖಿಕ ಪರೀಕ್ಷೆ) ಇದರ ಅಂಗಗಳು. ವಿಶ್ವವಿದ್ಯಾಲಯಗಳ ಹಿರಿಯ ಹುದ್ದೆಗಳಿಗೂ ಸಂಶೋಧನಾ ಅನುದಾನಕ್ಕೂ ಎಲ್ಲ ಕಡೆ ಒಪ್ಪಿತವಾದದ್ದು ಇದೇ. ಒಂದು ಕೊರತೆ ಗಮನದಲ್ಲಿರಲಿ: ಪಿಎಚ್.ಡಿ. ಸಂಶೋಧನೆ ಮಾಡುವುದನ್ನು ಕಲಿಸುತ್ತದೆ, ಪಾಠ ಮಾಡುವುದನ್ನಲ್ಲ. ಬೋಧನೆಯ ತರಬೇತಿ ಬೇರೆಯಾಗಿಯೇ ಪಡೆಯಬೇಕು.

ಎಡ್.ಡಿ. ಶಿಕ್ಷಣ ಶಾಸ್ತ್ರದ ಡಾಕ್ಟರೇಟ್. ಪಾಠಕ್ರಮ, ಮೌಲ್ಯಮಾಪನ, ಶೈಕ್ಷಣಿಕ ಆಡಳಿತದಲ್ಲಿ ಆಸಕ್ತಿ ಇರುವವರಿಗೆ ಹೊಂದುತ್ತದೆ. ಪದವಿ ಕೊಡುವುದು ಹೆಚ್ಚಾಗಿ ಶಿಕ್ಷಣ ವಿಭಾಗ, ಆದ್ದರಿಂದ ನಿಮ್ಮ ನಿಯಂತ್ರಣ ಸಂಸ್ಥೆ “ನರ್ಸಿಂಗ್‌ನಲ್ಲಿ ಡಾಕ್ಟರೇಟ್” ಎಂದೇ ಕೇಳುತ್ತದೆಯೇ, ಇಲ್ಲ “ಸಂಬಂಧಿತ ವಿಷಯದಲ್ಲಿ” ಎಂದರೂ ಸಾಕೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಡಿಎನ್‌ಪಿ. ಇದು ಅಮೆರಿಕದಲ್ಲಿ ಬೆಳೆದ ವೃತ್ತಿಪರ ಡಾಕ್ಟರೇಟ್. ಅಲ್ಲಿನ ನರ್ಸಿಂಗ್ ಕಾಲೇಜುಗಳ ಒಕ್ಕೂಟ 2004ರಲ್ಲಿ ಇದನ್ನು ಮುಂದುವರಿದ ಕ್ಲಿನಿಕಲ್ ವೃತ್ತಿಗೆ ತಕ್ಕ ಪದವಿಯೆಂದು ಅಂಗೀಕರಿಸಿತು. ಓದಿನ ಭಾಗವಾಗಿ ಮೇಲ್ವಿಚಾರಣೆಯ ಕ್ಲಿನಿಕಲ್ ಕೆಲಸ, ಕೊನೆಯಲ್ಲಿ ಥೀಸಿಸ್ ಬದಲು ಒಂದು ಸುಧಾರಣಾ ಯೋಜನೆ ಇರುತ್ತದೆ. ಕ್ಲಿನಿಕಲ್ ಬೋಧನೆಗೆ ಇದು ಬಲ ಕೊಡುತ್ತದೆ. ಆದರೆ ಈ ಪದವಿಯೇ ಇಲ್ಲದ ದೇಶದಲ್ಲಿ ಪ್ರಾಧ್ಯಾಪಕ ಹುದ್ದೆ ಬಯಸುವವರು ತತ್ಸಮಾನತೆಯ ಉತ್ತರ ಕೈಗೆ ಬರುವವರೆಗೆ ಶುಲ್ಕ ಕಟ್ಟಬಾರದು.

ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ ಇನ್ನೊಂದು ಬಗೆಯ ವೃತ್ತಿಪರ ಡಾಕ್ಟರೇಟ್ ಇದೆ. ಅದರಲ್ಲಿ ಪಾಠದ ಭಾಗವೂ ಇರುತ್ತದೆ, ಪಿಎಚ್.ಡಿ.ಗಿಂತ ಚಿಕ್ಕ ಥೀಸಿಸೂ ಇರುತ್ತದೆ. ಹೆಸರು ನೋಡಿ ಡಿಎನ್‌ಪಿ ಎಂದುಕೊಳ್ಳಬೇಡಿ. ಗೌರವ ಡಾಕ್ಟರೇಟ್ ನೇಮಕಾತಿಗೂ ಬಡ್ತಿಗೂ ಲೆಕ್ಕಕ್ಕಿಲ್ಲ.

ಎಚ್ಚರಿಕೆಯ ಗುರುತುಗಳು: ಕೋರ್ಸ್‌ವರ್ಕ್ ಇಲ್ಲದೆ ಕೆಲವೇ ತಿಂಗಳಲ್ಲಿ ಪದವಿ ಎನ್ನುವ ಭರವಸೆ, ಗೈಡ್ ಯಾರೆಂದು ಶುಲ್ಕ ಕಟ್ಟಿದ ಮೇಲೆ ಹೇಳುವ ಪದ್ಧತಿ, ಥೀಸಿಸ್ ಬರೆದುಕೊಡುವ ಮಾತು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಹೊರಬನ್ನಿ.

## ಹಂತ 8: ಗೈಡ್ ಆಯ್ಕೆ

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಅರ್ಧಕ್ಕೆ ನಿಂತ ಡಾಕ್ಟರೇಟ್‌ಗಳ ಹಿಂದೆ ಮತ್ತೆ ಮತ್ತೆ ಕಾಣುವುದು ಹೊಂದದ ಗೈಡ್.

ಮೂರು ಹೊಂದಾಣಿಕೆ ನೋಡಿ: ವಿಷಯ, ವಿಧಾನ, ಸಮಯ. ಗುಣಾತ್ಮಕ ಸಂದರ್ಶನದ ಅಧ್ಯಯನ ಮಾಡಬಯಸುವವರು ಪ್ರಯೋಗಾತ್ಮಕ ಅಧ್ಯಯನ ಬಿಟ್ಟು ಬೇರೆ ಮಾಡಿಸದ ಗೈಡ್ ಹತ್ತಿರ ಹೋದರೆ, ಒಂದೆರಡು ವರ್ಷದಲ್ಲಿ ವಿಷಯವೇ ಬದಲಾಗಿರುತ್ತದೆ. ಗೈಡ್ ಕಳೆದ 5 ವರ್ಷದಲ್ಲಿ ಬರೆದ ಲೇಖನಗಳನ್ನು ಓದಿ, ಯಾವ ವಿಧಾನ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ.

ಮೊದಲ ಪತ್ರ 200 ಪದ ಮೀರದಿರಲಿ. ನೀವು ಯಾರು ಎಂಬುದಕ್ಕೆ ಒಂದು ವಾಕ್ಯ, ಪ್ರಶ್ನೆಗೆ ಎರಡು, ಅವರ ಯಾವ ಲೇಖನ ನಿಮ್ಮ ಪ್ರಶ್ನೆಗೆ ಹೇಗೆ ತಾಗುತ್ತದೆ ಎಂಬುದಕ್ಕೆ ಎರಡು, ಕೊನೆಗೆ ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ ಎಂಬ ನೇರ ಪ್ರಶ್ನೆ. ಹಂತ 6ರಲ್ಲಿ ಬರೆದ ಒಂದು ಪುಟವನ್ನು ಲಗತ್ತಿಸಿ. ಹತ್ತು ಜನರಿಗೆ ಒಂದೇ ಪತ್ರ ಕಳಿಸಿದರೆ ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಒಪ್ಪಿಕೊಳ್ಳುವ ಮೊದಲು ಅವರ ಈಗಿನ ಒಬ್ಬ ವಿದ್ಯಾರ್ಥಿ, ಮುಗಿಸಿದ ಒಬ್ಬರು, ಸಾಧ್ಯವಾದರೆ ಬಿಟ್ಟುಹೋದ ಒಬ್ಬರೊಂದಿಗೆ ಮಾತಾಡಿ. ಈ ಪ್ರಶ್ನೆಗಳು ಸಾಕು: ಅಧ್ಯಾಯ ಕೊಟ್ಟರೆ ಎಷ್ಟು ವಾರಕ್ಕೆ ತಿದ್ದಿ ಕೊಡುತ್ತಾರೆ? ಈಗ ಅವರ ಬಳಿ ಎಷ್ಟು ಜನರಿದ್ದಾರೆ? ಲೇಖನದಲ್ಲಿ ಮೊದಲ ಹೆಸರು ಯಾರದು? ಅವರ ನಿವೃತ್ತಿ ಯಾವಾಗ? ಕೊನೆಯ ಪ್ರಶ್ನೆ ಕೇಳಲು ಮುಜುಗರವಾಗಬಹುದು. ಆದರೆ ಮೂರನೇ ವರ್ಷದಲ್ಲಿ ಗೈಡ್ ನಿವೃತ್ತರಾದರೆ ಹೊಸಬರು ಇಡೀ ಪ್ರಸ್ತಾವವನ್ನೇ ತಿದ್ದಿಸಬಹುದು.

## ಹಂತ 9: ಪ್ರಸ್ತಾವ ಎಲ್ಲಿ ತಿರಸ್ಕೃತವಾಗುತ್ತದೆ

ಒಂದೇ ಗುಂಪು, ಮೊದಲು ಮತ್ತು ನಂತರದ ಪರೀಕ್ಷೆ. ನರ್ಸಿಂಗ್ ಶಿಕ್ಷಣದಲ್ಲಿ ತೀರಾ ಸವೆದ ವಿನ್ಯಾಸ ಇದು. ಅಂಕ ಏರಿದ್ದು ನಿಮ್ಮ ಪಾಠದಿಂದಲೋ, ಅದೇ ಪ್ರಶ್ನೆಪತ್ರಿಕೆ ಎರಡನೇ ಸಲ ಕಂಡದ್ದರಿಂದಲೋ ಹೇಳಲಾಗದು. ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಒಂದೇ ಹಾಸ್ಟೆಲಿನಲ್ಲಿ ಇರುವವರನ್ನು ಎರಡು ಗುಂಪು ಮಾಡಿದರೆ ಕಲಿತದ್ದು ರಾತ್ರಿಯೇ ಆಚೆಗೆ ಹಂಚಿಕೆಯಾಗುತ್ತದೆ, ಅದಕ್ಕೂ ಉಪಾಯ ಬರೆದಿರಬೇಕು.

ಸ್ಯಾಂಪಲ್ ಗಾತ್ರ. ಎರಡು ಗುಂಪುಗಳ ಸರಾಸರಿ ಹೋಲಿಸಲು, ಮಧ್ಯಮ ಪರಿಣಾಮ (ಗುಂಪುಗಳ ನಡುವಿನ ವ್ಯತ್ಯಾಸದ ಗಾತ್ರ) 0.5, ಆಲ್ಫಾ (ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಸಾಧ್ಯತೆ) 0.05, ಪವರ್ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ) 80 ಶೇಕಡಾ ಎಂದಿಟ್ಟುಕೊಂಡರೆ ಪ್ರತಿ ಗುಂಪಿಗೆ 64 ಜನ ಬೇಕು. ಜಿ ಪವರ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಇದನ್ನು ಲೆಕ್ಕ ಹಾಕಬಹುದು. 15 ಶೇಕಡಾ ಜನ ನಡುವೆ ಬಿಟ್ಟುಹೋಗಬಹುದೆಂದು 64ಕ್ಕೆ 15 ಶೇಕಡಾ ಕೂಡಿಸಿ 74 ಬರೆಯುವುದು ಸಾಮಾನ್ಯ ತಪ್ಪು. 74ರಲ್ಲಿ 15 ಶೇಕಡಾ ಹೋದರೆ ಉಳಿಯುವುದು 63 ಮಾತ್ರ. 64ನ್ನು 0.85ರಿಂದ ಭಾಗಿಸಿ, 76 ಎಂದು ಬರೆಯಿರಿ.

ಅಳತೆಯ ಸಾಧನ. ಸ್ವಂತ ಪ್ರಶ್ನಾವಳಿ ಮಾಡುವ ಮೊದಲು ಈಗಾಗಲೇ ಪರೀಕ್ಷಿಸಿದ್ದು ಇದೆಯೇ ಹುಡುಕಿ, ಇದ್ದರೆ ಲಿಖಿತ ಅನುಮತಿ ತರಿಸಿ. ಸ್ವಂತದ್ದೇ ಆದರೆ 6 ಅಥವಾ ಹೆಚ್ಚು ತಜ್ಞರಿಗೆ ತೋರಿಸಿದಾಗ ಪ್ರತಿ ಪ್ರಶ್ನೆಯ ವಿಷಯ ಸಿಂಧುತ್ವ ಸೂಚ್ಯಂಕ (ಪ್ರಶ್ನೆ ವಿಷಯಕ್ಕೆ ಹೊಂದುತ್ತದೆ ಎಂದ ತಜ್ಞರ ಪಾಲು) 0.78ಕ್ಕಿಂತ ಕಡಿಮೆ ಬರಬಾರದು. ವಿಶ್ವಾಸಾರ್ಹತೆಗೆ ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಕನಿಷ್ಠ 0.7 ಇರಲಿ.

ನೈತಿಕ ಅನುಮೋದನೆ. ನಿಮ್ಮದೇ ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡುವಾಗ ಒಪ್ಪಿಗೆ ಪತ್ರ ನೀವೇ ಸಂಗ್ರಹಿಸಬೇಡಿ. ಅಂಕ ಕೊಡುವ ಕೈ ಸಹಿ ಕೇಳಿದರೆ ಬೇಡವೆನ್ನಲು ಯಾರಿಗೂ ಧೈರ್ಯ ಬರದು. ಅವರಿಗೆ ಅಂಕ ಕೊಡದ ಬೇರೊಬ್ಬರು ಕೇಳಲಿ, ಯಾರು ಒಪ್ಪಿದರೆಂಬುದು ಫಲಿತಾಂಶದವರೆಗೆ ನಿಮಗೆ ತಿಳಿಯದಿರಲಿ. ಎಥಿಕ್ಸ್ ಕಮಿಟಿಯ ಪತ್ರ ಬರುವ ಮೊದಲು ಒಂದೇ ಒಂದು ಮಾಹಿತಿಯನ್ನೂ ಸಂಗ್ರಹಿಸಬೇಡಿ, ಹಿಂದಿನ ತಾರೀಖಿಗೆ ಅನುಮೋದನೆ ಸಿಗುವುದಿಲ್ಲ. ಪ್ರಯೋಗಾತ್ಮಕ ಅಧ್ಯಯನವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನವೇ ಟ್ರಯಲ್ ನೋಂದಣಿ ಆಗಿರಬೇಕು, ತಡವಾದರೆ ಒಳ್ಳೆಯ ಪತ್ರಿಕೆಗಳು ಲೇಖನವನ್ನೇ ಸ್ವೀಕರಿಸುವುದಿಲ್ಲ.

## ಹಂತ 10: ಸಮಯ, ರಜೆ, ಮೊದಲ ಆರು ತಿಂಗಳು

ಕೆಲಸದ ಜೊತೆ ಅರೆಕಾಲಿಕವಾಗಿ ಮಾಡುವವರು ವಾರಕ್ಕೆ 12ರಿಂದ 15 ಗಂಟೆ ಬಿಡಿಸಿಕೊಳ್ಳಲಾಗದಿದ್ದರೆ ಒಂದು ವರ್ಷ ಮುಂದಕ್ಕೆ ಹಾಕುವುದೇ ಲೇಸು. ದಿನಕ್ಕೆ ಒಂದೊಂದು ಗಂಟೆಗಿಂತ ವಾರದಲ್ಲಿ ಎರಡು ಪೂರ್ತಿ ಹೊತ್ತು ಒಳ್ಳೆಯದು. ಬರವಣಿಗೆಗೆ ಕೂತು ಹಿಂದಿನದನ್ನು ನೆನಪಿಗೆ ತಂದುಕೊಳ್ಳುವುದಕ್ಕೇ ಅರ್ಧ ಗಂಟೆ ಬೇಕು. ಕೋರ್ಸ್‌ವರ್ಕ್‌ಗೆ, ದತ್ತಾಂಶ ಸಂಗ್ರಹಕ್ಕೆ, ಕೊನೆಯ ಬರವಣಿಗೆಗೆ ಎಷ್ಟು ರಜೆ ಎಂಬುದನ್ನು ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆಯಿರಿ. ಬಾಂಡ್ ಇದ್ದರೆ ಅವಧಿಯನ್ನೂ ಬಿಟ್ಟರೆ ಕಟ್ಟಬೇಕಾದ ಮೊತ್ತವನ್ನೂ ಓದಿ ಸಹಿ ಹಾಕಿ. ಶುಲ್ಕದ ಹೊರಗೆ ಸಾಧನದ ಅನುಮತಿ, ಸಂಖ್ಯಾಶಾಸ್ತ್ರಜ್ಞರ ನೆರವು, ಪ್ರಯಾಣ, ಪ್ರಕಟಣೆಯ ಖರ್ಚು ಇರುತ್ತದೆ.

ಸೇರಿದ ವಾರವೇ ಮೂರು ವ್ಯವಸ್ಥೆ ಮಾಡಿಕೊಳ್ಳಿ. ಝೊಟೆರೊ ಅಥವಾ ಮೆಂಡಲಿಯಂಥ ಆಕರ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಆಕರಗಳನ್ನು ಮೊದಲ ಲೇಖನದಿಂದಲೇ ಸೇರಿಸಿ. ಕಡತಗಳ ಪ್ರತಿ ಮೂರು ಕಡೆ ಇರಲಿ, ಒಂದು ಮನೆಯಿಂದ ಹೊರಗೆ. ಒರ್ಕಿಡ್ ಸಂಖ್ಯೆ (ಸಂಶೋಧಕರನ್ನು ಗುರುತಿಸುವ ಸಂಖ್ಯೆ) ಪಡೆದು, ನಿಮ್ಮ ಹೆಸರನ್ನು ಇನ್ನು ಮುಂದೆ ಒಂದೇ ರೀತಿಯಲ್ಲಿ ಬರೆಯಿರಿ.

ಲೇಖನ ಕಳಿಸುವಾಗ ಪತ್ರಿಕೆಯ ಸಂಪಾದಕ ಮಂಡಳಿಯ ಇಬ್ಬರನ್ನಾದರೂ ಹುಡುಕಿ ನೋಡಿ, ಅವರ ಸಂಸ್ಥೆಯ ಪುಟದಲ್ಲಿ ಆ ಪತ್ರಿಕೆಯ ಉಲ್ಲೇಖ ಇರಬೇಕು. ಕೆಲವೇ ದಿನದಲ್ಲಿ ಪ್ರಕಟಣೆ ಎನ್ನುವ ಪತ್ರಿಕೆ ವಿಮರ್ಶೆ ಮಾಡಿಸುತ್ತಿಲ್ಲ ಎಂದೇ ತಿಳಿಯಿರಿ. ಅಲ್ಲಿ ಬಂದ ಲೇಖನವನ್ನು ಬೇರೆ ಕಡೆ ಮತ್ತೆ ಪ್ರಕಟಿಸಲೂ ಆಗದು.

ಗೈಡ್ ಜೊತೆಗಿನ ಪ್ರತಿ ಭೇಟಿಯ ಸಂಜೆಯೇ ಐದು ಸಾಲಿನ ಮೇಲ್ ಬರೆಯಿರಿ: ಏನು ಚರ್ಚೆಯಾಯಿತು, ಏನು ಒಪ್ಪಿಕೊಂಡೆವು, ಯಾರು ಏನು ಯಾವಾಗ ಮಾಡಬೇಕು, ಮುಂದಿನ ಭೇಟಿ ಯಾವಾಗ. ಎರಡು ತಿಂಗಳು ಇಂಥ ಮೇಲ್ ಬರೆಯಲು ಏನೂ ಇಲ್ಲದಿದ್ದರೆ ಕೆಲಸ ನಿಂತಿದೆ ಎಂದರ್ಥ. ಮರುದಿನವೇ ಗೈಡ್‌ಗೆ ಫೋನ್ ಮಾಡಿ, ಭೇಟಿಗೆ ತಾರೀಖು ಕೇಳಿ.